ಹೂವಪ್ಪಣ್ಣನ ಕೈಯಳತೆಗೆ ಒಂದು ಚಾಕು

ಹೊರಡುವ ಮೊದಲು, ಹೊಸನಗರ

ಇಟಲಿಗೆ ಹೋಗುತ್ತೇನೆ ಎಂದಾಗ ಊರಿನವರು ನನ್ನನ್ನು ಎರಡೇ ಪ್ರಶ್ನೆ ಕೇಳಿದರು. ಅಲ್ಲಿ ಊಟಕ್ಕೆ ಏನು ಮಾಡುತ್ತೀರಿ, ಮತ್ತು ಯಾಕೆ ಹೋಗುತ್ತೀರಿ. ಮೊದಲನೆಯದಕ್ಕೆ ಉತ್ತರ ನನ್ನ ಪೆಟ್ಟಿಗೆಯಲ್ಲಿತ್ತು: ಅವಲಕ್ಕಿ, ಚಟ್ನಿಪುಡಿ, ಅಪ್ಪೆಮಿಡಿ ಉಪ್ಪಿನಕಾಯಿ. ಎರಡನೆಯದಕ್ಕೆ ಪೇರು ಹಣ್ಣಿನ (ನಮ್ಮ ಪೇರಲೆಯಲ್ಲ, ಪಿಯರ್) ತೋಟ ನೋಡಲು ಎಂದು ಹೇಳಿ ತಪ್ಪಿಸಿಕೊಳ್ಳುತ್ತಿದ್ದೆ. ಒಂದು ಚಾಕು ತರಲು ಹೋಗುತ್ತಿದ್ದೇನೆ ಎಂದರೆ ಯಾರು ನಂಬುತ್ತಿದ್ದರು?

ಪೇರು ಹಣ್ಣಿನ ಮಾತೂ ಸುಳ್ಳಲ್ಲ. ನನ್ನದು ಸಣ್ಣ ನರ್ಸರಿ. ಅಪ್ಪೆಮಿಡಿ ಮಾವು, ಹಲಸು, ಜಾಯಿಕಾಯಿ ಕಸಿ ಗಿಡ ಮಾಡಿ ಮಾರುತ್ತೇನೆ. ಮೂರು ವರ್ಷದ ಹಿಂದೆ ಲೂಚಿಯಾ ಎಂಬ ಇಟಲಿಯ ಹೆಂಗಸು ಮಾವಿನ ಕಸಿ ನೋಡಲು ಬಂದು ನಮ್ಮ ಮನೆಯಲ್ಲಿ ಎಂಟು ದಿನ ಉಳಿದಿದ್ದಳು. ಬ್ರೆಡ್ಡಿಗೆ ಉಪ್ಪಿನಕಾಯಿ ರಸ ಸವರಿಕೊಂಡು ತಿಂದು, ಕಣ್ಣೀರು ಒರೆಸಿಕೊಂಡು, ಮತ್ತೆ ಸವರಿಕೊಂಡವಳು. ನಮ್ಮಲ್ಲಿ ಪೇರು ಕಸಿ ಕಟ್ಟುವ ಕಾಲಕ್ಕೆ ಬಾ ಎಂದು ಪ್ರತಿ ವರ್ಷ ಬರೆಯುತ್ತಿದ್ದಳು. ಅವಳ ಊರಿನ ಪಕ್ಕದಲ್ಲೇ ಚಾಕು ಮಾಡುವವರ ಪೇಟೆಯೊಂದಿದೆ ಎಂದೂ ಬರೆದಿದ್ದಳು. ಈ ಸಲ ಹೊರಟೆ.

ಚಾಕು ಬೇಕಿದ್ದದ್ದು ಹೂವಪ್ಪಣ್ಣನಿಗೆ. ನನಗೆ ಕಸಿ ಕಟ್ಟುವುದನ್ನು ಕಲಿಸಿದವರು ಅವರು. ಬೇರುಗಿಡದ ತಲೆ ತೆಗೆದು, ಸೀಳಿ, ಒಳ್ಳೆಯ ಮರದ ಕಡ್ಡಿಯನ್ನು ಒಂದೇ ಎಳೆತಕ್ಕೆ ಓರೆಯಾಗಿ ಕೊಯ್ದು ಕೂರಿಸುತ್ತಿದ್ದರು. ಎರಡು ಗಿಡ ಎಲ್ಲಿ ಸೇರಿವೆ ಎಂದು ಹುಡುಕಬೇಕಾಗುತ್ತಿತ್ತು. ಹೋದ ವರ್ಷ ದೀಪಾವಳಿಯ ಹೊತ್ತಿಗೆ ಅವರಿಗೆ ಲಕ್ವ ಹೊಡೆಯಿತು. ಕಾಲು, ಮಾತು ಎರಡೂ ಸರಿಹೋದವು. ಬಲಗೈ ಮಾತ್ರ ಮೊದಲಿನಂತಾಗಲಿಲ್ಲ. ನರ್ಸರಿಗೆ ಬನ್ನಿ, ಸುಮ್ಮನೆ ಕೂತು ಹೇಳಿಕೊಡಿ ಎಂದು ನಾನು ಕರೆದಾಗ, "ಕೂತು ಹೇಳೋಕೆ ನಾನೇನು ರೇಡಿಯೋನಾ ವನಜಮ್ಮ?" ಎಂದಿದ್ದರು. ಆಮೇಲೆ ನಾನು ಕರೆಯಲಿಲ್ಲ, ಅವರು ಬರಲಿಲ್ಲ.

ಇಟಲಿಗೆ ಹೊರಟಿದ್ದೇನೆ, ನಿಮಗೊಂದು ಮಡಚುವ ಕಸಿ ಚಾಕು ತರಲೇ ಎಂದು ಫೋನಿನಲ್ಲಿ ಕೇಳಿದೆ. ಅವರು ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಮರುದಿನ ಅವರ ಸೊಸೆ ಗೀತಾ ಒಂದು ಕ್ಯಾಲೆಂಡರ್ ಹಾಳೆ ತಂದುಕೊಟ್ಟಳು. ಅದರ ಹಿಂಬದಿಯಲ್ಲಿ ಪೆನ್ಸಿಲಿನಿಂದ ಕೈಯೊಂದರ ಸುತ್ತ ಗೆರೆ ಎಳೆದಿತ್ತು. ಗೆರೆ ಉದ್ದಕ್ಕೂ ನಡುಗಿತ್ತು.

"ಅವ್ರೇ ಬರ್ದಿದ್ದು. ನಂಗೆ ಮುಟ್ಟೋಕೂ ಬಿಡ್ಲಿಲ್ಲ. ಈ ಕೈಗೆ ಆಗೋ ಚಾಕು ಸಿಕ್ಕಿದ್ರೆ ತರ್ಲಿ ಅಂದ್ರು," ಎಂದಳು ಗೀತಾ.

ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಪಾಸ್‌ಪೋರ್ಟಿನ ಜೊತೆ ಇಟ್ಟುಕೊಂಡೆ. ಬಲ ಕಡಿಮೆಯಾದ ಕೈಗೆ ಸಣ್ಣ, ಹಗುರ ಚಾಕುವೇ ಸರಿ ಎಂದು ನಾನು ಅಲ್ಲೇ ತೀರ್ಮಾನಿಸಿಬಿಟ್ಟೆ.

ಆದರೆ ನನ್ನ ಜೊತೆ ಹೊರಟವರು ಸುಶೀಲತ್ತಿಗೆ. ನನ್ನ ಗಂಡನ ಅಕ್ಕ. ಗಂಡನಿಗೆ ಊರು ಬಿಟ್ಟು ಶಿವಮೊಗ್ಗದಲ್ಲಿ ಮಲಗಿದರೂ ನಿದ್ದೆ ಬರುವುದಿಲ್ಲ, ಹಾಗಾಗಿ ಅವರಿಗೆಂದಿದ್ದ ಟಿಕೆಟ್ಟಿಗೆ ಅತ್ತಿಗೆ ಬಂದರು. ಕಾರ್ಗಲ್ಲಿನ ವಿದ್ಯುತ್ ಯೋಜನೆಯ ಸ್ಟೋರಿನಲ್ಲಿ ಮೂವತ್ತು ವರ್ಷ ನಟ್ಟು, ಬೋಲ್ಟು, ಸ್ಪ್ಯಾನರು ಕೊಟ್ಟು ನಿವೃತ್ತರಾದವರು. ಸಾಮಾನಿನ ಅಳತೆಯ ವಿಷಯದಲ್ಲಿ ಅವರಿಗೆ ಗಟ್ಟಿ ಅಭಿಪ್ರಾಯಗಳಿವೆ.

"ದೊಡ್ಡದೇ ತಗಳ್ಬೇಕು. ದೊಡ್ಡದ್ರಲ್ಲಿ ಸಣ್ಣ ಕೆಲ್ಸನೂ ಆಗ್ತದೆ. ಸಣ್ಣದ್ರಲ್ಲಿ ದೊಡ್ಡ ಕೆಲ್ಸ ಮಾಡಕ್ಕೆ ಹೋಗಿ ಎಷ್ಟು ಜನ ಸ್ಪ್ಯಾನರ್ ಮುರ್ಕೊಂಡು ಬಂದಿದಾರೆ ಗೊತ್ತಾ ನಿಂಗೆ?"

"ಇದು ಸ್ಪ್ಯಾನರ್ ಅಲ್ಲ ಅತ್ತಿಗೆ, ಮಾವಿನ ಕಡ್ಡಿ ಕೊಯ್ಯೋ ಚಾಕು."

"ಎಲ್ಲಾ ಒಂದೇ," ಎಂದರು.

ಬೆಂಗಳೂರು ವಿಮಾನ ನಿಲ್ದಾಣ

ಹಾಗೆ ವಾದಿಸುವವರ ಕೈಚೀಲದಲ್ಲೇ ಕಿರುಬೆರಳಿಗಿಂತ ಚಿಕ್ಕದೊಂದು ಮಡಚುವ ಚಾಕು ಇತ್ತು. ದಾರಿಯಲ್ಲಿ ಹಣ್ಣು ತಿನ್ನಲು ಇಟ್ಟುಕೊಂಡಿದ್ದರಂತೆ. ತಪಾಸಣೆಯ ಹುಡುಗಿ ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದಳು.

"ಇದು ಬಿಡಲ್ಲ ಆಂಟಿ."

"ಇದ್ರಲ್ಲಿ ಬಾಳೆಹಣ್ಣೂ ಸರಿಯಾಗಿ ಕೊಯ್ಯಕ್ಕಾಗಲ್ಲಮ್ಮ."

"ಹಂಗಾದ್ರೆ ಯಾಕೆ ತಂದ್ರಿ?"

ಸ್ಟೋರಿನ ಕೌಂಟರಿನ ಆಚೆ ನಿಂತವರಿಗೆ ಅತ್ತಿಗೆ ಮೂವತ್ತು ವರ್ಷ ಕೇಳಿದ ಪ್ರಶ್ನೆ ಅದು. ತಿರುಗಿ ಅವರನ್ನು ಯಾರೂ ಕೇಳಿರಲಿಲ್ಲ. "ಹಂಗಾದ್ರೆ ರಸೀದಿ ಕೊಡು," ಎಂದರು ಅತ್ತಿಗೆ. ಹುಡುಗಿ ನಕ್ಕು ಚಾಕುವನ್ನು ಡಬ್ಬಿಗೆ ಹಾಕಿದಳು. ನನ್ನ ಕಸಿ ಚಾಕು ದೊಡ್ಡ ಪೆಟ್ಟಿಗೆಯೊಳಗೆ ಸೇರಿ ಆಗಲೇ ಮುಂದೆ ಹೋಗಿತ್ತು. ಅದನ್ನು ಅತ್ತಿಗೆಗೆ ಹೇಳುವ ಧೈರ್ಯ ನನಗೆ ಬಂದದ್ದು ವಿಮಾನ ಮೋಡದ ಮೇಲೆ ಹೋದಮೇಲೆ.

"ನೋಡು, ಸಣ್ಣದಿದ್ರೂ ಬಿಡಲ್ಲ," ಎಂದರು ಅವರು. "ಹೆಂಗೂ ಬಿಡಲ್ಲ ಅಂದ್ಮೇಲೆ ದೊಡ್ಡದೇ ತರ್ಬಹುದಿತ್ತು."

ರೈಲಿನಲ್ಲಿ

ನಾವು ಇಳಿದದ್ದು ವೆನಿಸ್ಸಿನ ವಿಮಾನ ನಿಲ್ದಾಣದಲ್ಲಿ. ಊರು ನೋಡುವುದನ್ನು ಮಾತ್ರ ಕೊನೆಯ ದಿನಕ್ಕೆ ಎತ್ತಿಟ್ಟಿದ್ದೆವು. ನೀರಿನ ಮೇಲೆ ನಿಂತ ಆ ಪೇಟೆಯಲ್ಲಿ ದೋಣಿ ಹತ್ತಿ ಫೋಟೊ ತೆಗೆಸಿಕೊಳ್ಳಲು ಅತ್ತಿಗೆ ಹೊಸ ತಂಪು ಕನ್ನಡಕ, ಅಗಲ ಅಂಚಿನ ಟೋಪಿ ತಂದಿದ್ದರು. ಕಾರ್ಗಲ್ ಕಾಲೊನಿಯ ಅರ್ಧ ಜನಕ್ಕೆ ಆ ಫೋಟೊ ಕಳಿಸುವುದಾಗಿ ಮಾತು ಕೊಟ್ಟಿದ್ದರು. ಟೋಪಿ ಮುದುಡಬಾರದೆಂದು ಅದನ್ನು ತೊಡೆಯ ಮೇಲಿಟ್ಟುಕೊಂಡೇ ಉತ್ತರದ ರೈಲು ಹತ್ತಿದರು.

ಎದುರು ಕೂತವರು ಕೋಟು ಹಾಕಿದ ವಯಸ್ಸಾದ ಗಂಡಸು. ಮಧ್ಯಾಹ್ನವಾಗುತ್ತಿದ್ದಂತೆ ಅವರು ತೊಡೆಯ ಮೇಲೆ ಬಿಳಿ ವಸ್ತ್ರ ಹಾಸಿ ಬ್ರೆಡ್ಡು, ಚೀಸೆಂಬ ಗಿಣ್ಣು, ಒಂದು ಸೇಬು ಇಟ್ಟರು. ಆಮೇಲೆ ಕೋಟಿನ ಜೇಬಿನಿಂದ ನನ್ನ ಅಂಗೈ ಉದ್ದದ ಚಾಕು ತೆಗೆದು ಬಿಚ್ಚಿದರು. ನಮ್ಮ ಸಾಗರದ ಬಸ್ಸಿನಲ್ಲಿ ಯಾರಾದರೂ ಹೀಗೆ ಚಾಕು ಬಿಚ್ಚಿದರೆ ಕಂಡಕ್ಟರು ಸೀಟಿ ಊದುತ್ತಾನೆ. ಇಲ್ಲಿ ಯಾರೂ ತಲೆ ಎತ್ತಲಿಲ್ಲ. ಸೇಬಿನ ಸಿಪ್ಪೆಯನ್ನು ಎಲ್ಲೂ ಕಡಿಯದಂತೆ ಒಂದೇ ಸುರುಳಿಯಾಗಿ ತೆಗೆದು, ಹೋಳೊಂದನ್ನು ಚಾಕುವಿನ ತುದಿಗೆ ಸಿಕ್ಕಿಸಿ ಅತ್ತಿಗೆಯ ಮುಂದೆ ಹಿಡಿದರು.

ನಮ್ಮಲ್ಲಿ ಕತ್ತಿ ಚಾಕುಗಳನ್ನು ಕೈಯಿಂದ ಕೈಗೆ ಕೊಡುವುದಿಲ್ಲ, ಜಗಳ ಬರುತ್ತದೆ. ಕೆಳಗಿಟ್ಟರೆ ತೆಗೆದುಕೊಳ್ಳುತ್ತೇವೆ. ಚಾಕುವಿನ ತುದಿಯ ಹಣ್ಣಿಗೂ ಈ ನಿಯಮ ಉಂಟೋ ಇಲ್ಲವೋ ಎಂದು ಅತ್ತಿಗೆ ನನ್ನ ಮುಖ ನೋಡಿದರು. ನನಗೂ ಗೊತ್ತಿರಲಿಲ್ಲ. ಅತ್ತಿಗೆ ವಸ್ತ್ರದ ಮೇಲೆ ಇಡಿ ಎಂದು ಬೆರಳು ತೋರಿಸಿದರು. ಅಜ್ಜನಿಗೆ ಗಿಣ್ಣು ಕೇಳಿದಂತೆ ಕಂಡಿತು. ಗಿಣ್ಣನ್ನೂ ಕೊಯ್ದುಕೊಟ್ಟರು.

ತಿರುಗಿ ಏನಾದರೂ ಕೊಡಬೇಕಲ್ಲ. ಅತ್ತಿಗೆ ಕೋಡುಬಳೆ ಪೊಟ್ಟಣ ಬಿಚ್ಚಿದರು. ಅಜ್ಜ ಒಂದನ್ನು ತೆಗೆದುಕೊಂಡು ತಿರುವಿ ಮುರುವಿ ನೋಡಿ, ತಮ್ಮ ಪದ್ಧತಿಯಂತೆ ವಸ್ತ್ರದ ಮೇಲಿಟ್ಟು ಚಾಕುವಿನಿಂದ ಒತ್ತಿದರು. ಟಕ್ ಎಂದು ಮುರಿದ ಕೋಡುಬಳೆಯ ಒಂದು ತುಂಡು ಹಾರಿ ಪಕ್ಕದ ಸಾಲಿನ ಹೆಂಗಸಿನ ಮಡಿಲಲ್ಲಿದ್ದ ನಾಯಿಮರಿಯ ಮುಂದೆ ಬಿತ್ತು. ನಾಯಿ ಅದನ್ನು ತಿಂದಿತು. ಅಜ್ಜ ಎದ್ದು ನಿಂತು ಆ ಹೆಂಗಸಿಗೆ ತಲೆಬಾಗಿ ಕ್ಷಮೆ ಕೇಳಿದರು. ನಾಯಿ ಮಾತ್ರ ನಾವು ಇಳಿಯುವವರೆಗೂ ಅತ್ತಿಗೆಯ ಪೊಟ್ಟಣದ ಮೇಲಿಟ್ಟ ಕಣ್ಣು ತೆಗೆಯಲಿಲ್ಲ.

ಲೂಚಿಯಾಳ ತೋಟ

ಲೂಚಿಯಾ ಸ್ಟೇಷನ್ನಿಗೆ ಬಂದಿದ್ದಳು. ಅವಳ ತೋಟದ ಹಿಂದೆ ಬೆಟ್ಟಗಳು, ತುದಿಯಲ್ಲಿ ಇನ್ನೂ ಹಿಮ. ಪೇರು ಮರಗಳಲ್ಲಿ ಎಲೆ ಬಂದಿರಲಿಲ್ಲ, ಮೊಗ್ಗು ಮಾತ್ರ ಉಬ್ಬಿದ್ದವು. ಎಲೆಯಿಲ್ಲದ ಮರಗಳ ಇಷ್ಟು ದೊಡ್ಡ ತೋಟವನ್ನು ನಾನು ನೋಡಿರಲಿಲ್ಲ. ಎಲ್ಲವೂ ಒಣಗಿಹೋಗಿವೆ ಎಂದುಕೊಂಡ ಅತ್ತಿಗೆ, ಪಾಪ, ಅವಳ ಹತ್ತಿರ ಈಗ ಏನೂ ಕೇಳಬೇಡ ಎಂದು ನನ್ನ ಕಿವಿಯಲ್ಲಿ ಹೇಳಿದರು.

ಅಲ್ಲಿನವರ ಊಟದಲ್ಲಿ ನನಗೆ ಸೋಜಿಗವೆನಿಸಿದ್ದು ಅಡುಗೆಗಿಂತ ಚಾಕು. ತೋಟದ ಕೆಲಸದವರು ಒಬ್ಬೊಬ್ಬರೂ ತಮ್ಮ ಜೇಬಿನ ಚಾಕುವನ್ನೇ ತೆಗೆದು ಉಂಡು, ಬ್ರೆಡ್ಡಿನಿಂದ ಅಲಗು ಒರೆಸಿ, ಆ ಬ್ರೆಡ್ಡನ್ನೂ ತಿಂದು, ಮಡಚಿ ಜೇಬಿಗೆ ಹಾಕಿಕೊಳ್ಳುತ್ತಿದ್ದರು. ನಮ್ಮ ಮೆಟ್ಟುಗತ್ತಿ, ಅಂದರೆ ಈಳಿಗೆಮಣೆ, ಇದ್ದಲ್ಲೇ ಇರುತ್ತದೆ, ನಾವೇ ತರಕಾರಿ ಹಿಡಿದುಕೊಂಡು ಅದರ ಹತ್ತಿರ ಹೋಗಿ ಕಾಲು ಮಡಚಿ ಕೂರುತ್ತೇವೆ. ಇವರಲ್ಲಿ ಮಡಚಿಕೊಳ್ಳುವ ಕೆಲಸ ಚಾಕುವಿನದು. ಇದನ್ನು ಲೂಚಿಯಾಗೆ ಹೇಳಿದಾಗ ಅವಳು ನಕ್ಕು, ನಮ್ಮ ಮನೆಯಲ್ಲಿ ಮೆಟ್ಟುಗತ್ತಿಯ ಮೇಲೆ ಕೂತು ಎದ್ದಮೇಲೆ ತನ್ನ ಮಂಡಿ ಎರಡು ದಿನ ನೋಯುತ್ತಿತ್ತು ಎಂದಳು.

ಮರುದಿನ ಬೆಳಿಗ್ಗೆ ನನ್ನನ್ನು ಕಸಿ ಕಟ್ಟಲು ಕರೆದರು. ಎಲ್ಲರೂ ಸುತ್ತ ನಿಂತರು. ನಾನು ನನ್ನ ಸಣ್ಣ ಚಾಕು ತೆಗೆದೆ. ಪೇರು ಕಡ್ಡಿ ನಮ್ಮ ಮಾವಿನ ಕಡ್ಡಿಗಿಂತ ಗಟ್ಟಿ. ಒಂದೇ ಎಳೆತಕ್ಕೆ ಕೊಯ್ಯಬೇಕಾದಲ್ಲಿ ಮೂರು ಸಲ ಎಳೆಯಬೇಕಾಯಿತು, ಕೊಯ್ತ ಮೆಟ್ಟಿಲು ಮೆಟ್ಟಿಲಾಯಿತು. ಲೂಚಿಯಾ ತನ್ನ ದೊಡ್ಡ ಚಾಕುವಿನಲ್ಲಿ ಸರ್ರನೆ ಕೊಯ್ದಳು. ನಾನು ಅತ್ತಿಗೆಯ ಕಡೆ ನೋಡಲಿಲ್ಲ.

ಮಧ್ಯಾಹ್ನ ಎಳೆಯ ಕಡ್ಡಿಗಳ ಸರದಿ ಬಂದಾಗ ದೊಡ್ಡ ಚಾಕು ತಡವರಿಸಿತು, ನನ್ನದು ಗೆದ್ದಿತು. "ನೋಡಿದ್ರಾ?" ಎಂದೆ. ಅತ್ತಿಗೆ ಆಗ ಸರಿಯಾಗಿ ಬೆಟ್ಟದ ಹಿಮ ನೋಡುತ್ತಿದ್ದರು.

ಮನಿಯಾಗೊ

ಚಾಕು ಪೇಟೆಯ ಹೆಸರು ಮನಿಯಾಗೊ. ಬೆಟ್ಟದ ಬುಡದ ಸಣ್ಣ ಊರು. ತೀರ್ಥಹಳ್ಳಿಯ ಪೇಟೆಯಲ್ಲಿ ಬಟ್ಟೆ ಅಂಗಡಿಗಳಿರುವ ಹಾಗೆ ಇಲ್ಲಿ ಚಾಕು, ಕತ್ತರಿಗಳ ಅಂಗಡಿ. ಲೂಚಿಯಾ ನಮ್ಮನ್ನು ಗಾಜಿನ ಅಂಗಡಿಗಳನ್ನೆಲ್ಲ ದಾಟಿಸಿ ಒಂದು ಓಣಿಯ ಒಳಗೆ, ಬ್ರೂನೊ ಎಂಬ ಮುದುಕರ ಕೆಲಸದ ಕೋಣೆಗೆ ಕರೆದುಕೊಂಡು ಹೋದಳು. ಅವಳ ತೋಟದ ಕಸಿ ಚಾಕುಗಳನ್ನೆಲ್ಲ ಅವರೇ ಮಾಡಿಕೊಟ್ಟದ್ದು. ನನಗೂ ಅವರಿಗೂ ನಡುವೆ ಲೂಚಿಯಾಳ ಇಂಗ್ಲಿಷು.

ಬ್ರೂನೊ ಎರಡು ಚಾಕು ತೆಗೆದು ಮೇಜಿನ ಮೇಲಿಟ್ಟರು. ಒಂದು ದೊಡ್ಡದು, ಒಂದು ಸಣ್ಣದು. ಎರಡಕ್ಕೂ ಆಕ್ರೋಟು ಮರದ ಹಿಡಿ. ಅತ್ತಿಗೆ ದೊಡ್ಡದರ ಪಕ್ಕದಲ್ಲಿ ನಿಂತರು, ನಾನು ಸಣ್ಣದರ ಪಕ್ಕದಲ್ಲಿ. ಕೆಲಸ ಮಾಡುವ ಕೈ ಎಂಥದ್ದು ಎಂದು ಬ್ರೂನೊ ಕೇಳಿದರು. ನಾನು ಕ್ಯಾಲೆಂಡರ್ ಹಾಳೆ ಬಿಚ್ಚಿ ಹಾಸಿ, ಹೂವಪ್ಪಣ್ಣನ ಬಲಗೈ ಸೋತ ಕಥೆ ಹೇಳಿದೆ.

ಬ್ರೂನೊ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ತಮ್ಮ ಬಲಗೈಯನ್ನು ಗೆರೆಯ ಮೇಲೆ ಬೋರಲಾಗಿ ಇಟ್ಟರು. ಹೆಬ್ಬೆರಳು ಆಚೆ ಹೋಯಿತು. ಕೈ ತೆಗೆದು ಎಡಗೈ ಇಟ್ಟರು. ಸರಿಯಾಗಿ ಕೂತಿತು.

"ಇದು ಎಡಗೈ ಅಂತಿದಾರೆ," ಎಂದಳು ಲೂಚಿಯಾ.

"ಇಲ್ಲ, ಅವರು ಬಲಗೈಯಲ್ಲೇ ಕೆಲಸ ಮಾಡೋರು," ಎಂದೆ.

ಅತ್ತಿಗೆ ನನ್ನನ್ನು ಸರಿಸಿ ತಮ್ಮ ಎರಡೂ ಕೈಗಳನ್ನು ಒಂದಾದಮೇಲೊಂದು ಹಾಳೆಯ ಮೇಲಿಟ್ಟು ನೋಡಿದರು. ಸ್ಟೋರಿಗೆ ಬಂದ ಸಾಮಾನನ್ನು ಪಟ್ಟಿಯೊಂದಿಗೆ ತಾಳೆ ನೋಡುವಂತೆ ನೋಡಿ, "ಎಡಗೈಯೇ," ಎಂದರು. "ಎಡಗೈನ ಕೆಳಗಿಟ್ಟು ಬಲಗೈಯಲ್ಲಿ ಪೆನ್ಸಿಲ್ ಹಿಡ್ದಿದಾರೆ. ಅದ್ಕೇ ಗೆರೆ ಹಂಗೆ ಕುಣಿದಿರೋದು."

ಹೊಸನಗರದಿಂದ ಇಲ್ಲಿವರೆಗೆ ಆ ಹಾಳೆಯನ್ನು ಎಷ್ಟು ಸಲ ಬಿಚ್ಚಿ ನೋಡಿದ್ದೆ. ಉದ್ದ ನೋಡಿದ್ದೆ, ಅಗಲ ನೋಡಿದ್ದೆ. ಯಾವ ಕೈ ಎಂದು ನೋಡಿರಲಿಲ್ಲ. ಹೂವಪ್ಪಣ್ಣ ಎಡಗೈಯಲ್ಲಿ ಕೆಲಸ ಶುರು ಮಾಡುವ ಯೋಚನೆಯಲ್ಲಿದ್ದರು. ಅದನ್ನು ಬಾಯಿಬಿಟ್ಟು ಹೇಳದೆ, ಸೋತ ಕೈಗೆ ಪೆನ್ಸಿಲ್ ಕೊಟ್ಟು ಬರೆಸಿ ಕಳಿಸಿದ್ದರು.

ಕಸಿ ಚಾಕುವಿನ ಅಲಗಿಗೆ ಒಂದೇ ಮಗ್ಗುಲಲ್ಲಿ ಸಾಣೆ. ಇನ್ನೊಂದು ಮಗ್ಗುಲು ಕನ್ನಡಿಯ ಹಾಗೆ ಸಪಾಟು. ಆ ಸಪಾಟು ಮಗ್ಗುಲು ಕಡ್ಡಿಗೆ ತಾಗಿಕೊಂಡು ಹೋದರೆ ಮಾತ್ರ ಕೊಯ್ತ ನೇರ ಬರುತ್ತದೆ. ಬಲಗೈ ಚಾಕುವನ್ನು ಎಡಗೈಯಲ್ಲಿ ಹಿಡಿದರೆ ಅದು ಕಡ್ಡಿಯೊಳಗೆ ಸೊಟ್ಟಗೆ ಇಳಿಯುತ್ತದೆ. ಇಪ್ಪತ್ತು ವರ್ಷದಿಂದ ಇದು ನನಗೆ ಗೊತ್ತು. ದೊಡ್ಡದೋ ಸಣ್ಣದೋ ಎಂದು ಕಾದಾಡುವ ಭರದಲ್ಲಿ ಮೇಜಿನ ಮೇಲಿದ್ದ ಎರಡೂ ಬಲಗೈ ಚಾಕುಗಳು ಎಂಬುದೇ ನನಗೆ ಹೊಳೆದಿರಲಿಲ್ಲ.

ಎಡಗೈಯದು ಬ್ರೂನೊ ಹತ್ತಿರ ಒಂದೇ ಇತ್ತು. ಸಣ್ಣದು. ನನ್ನ ಪಕ್ಷ ಗೆದ್ದಿತೆಂದು ನಾನು ಅದನ್ನು ಗೆರೆಯ ಅಂಗೈ ಮೇಲಿಟ್ಟೆ. ಆ ಅಗಲ ಕೈಯಲ್ಲಿ ಅದು ಬೆಂಕಿಕಡ್ಡಿಯ ಹಾಗೆ ಕಂಡಿತು. ಹೊಸದಾಗಿ ಕಲಿಯುವ ಕೈಗೆ ಅಂಗೈ ತುಂಬುವ ಹಿಡಿ ಬೇಕು, ಇಲ್ಲದಿದ್ದರೆ ಬಿಗಿ ಹಿಡಿದು ಹಿಡಿದು ಸುಸ್ತಾಗುತ್ತದೆ ಎಂದರು ಬ್ರೂನೊ. ದೊಡ್ಡ ಚಾಕುವಿನ ಸಾಣೆ ಹಿಡಿಯದ ಅಲಗುಗಳು ಅವರಲ್ಲಿದ್ದವು. ಎಡಗೈಗೆ ಹೊಂದಿಸಿ ಮಾಡಿಕೊಡಬಹುದು, ನಾಳೆ ಸಂಜೆ ಬನ್ನಿ ಎಂದರು.

ನಾಳೆ ವೆನಿಸ್. ನಾಡಿದ್ದು ಬೆಳಿಗ್ಗೆ ವಿಮಾನ.

ನಾನು ಸಣ್ಣ ಚಾಕುವನ್ನು ಮತ್ತೊಮ್ಮೆ ನೋಡಿದೆ. ಇದೇ ಸಾಕು ಎಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅತ್ತಿಗೆ ಮಾತಾಡಿದರು.

"ಮಾಡಕ್ಕೆ ಹೇಳು. ನಾಳೆ ಇಲ್ಲೇ ಇರೋಣ."

"ನಿಮ್ಮ ವೆನಿಸ್?"

"ನೀರು, ದೋಣಿ ಎಂತ ಹೊಸತೇ? ಶರಾವತಿ ಹಿನ್ನೀರಲ್ಲಿ ಲಾಂಚ್ ಹತ್ತಿ ಇಳ್ದು ಸಾಕಾಗಿದೆ ನಂಗೆ."

ಹಾಗೆ ಹೇಳಿ ಕಿಟಕಿಯ ಕಡೆ ತಿರುಗಿದರು. ಕೈಯಲ್ಲಿ ಟೋಪಿ ಇತ್ತು. ನಾನು ಅವರ ಮುಖ ನೋಡಲು ಹೋಗಲಿಲ್ಲ.

ಮರುದಿನವಿಡೀ ಬ್ರೂನೊ ಅವರ ಕೋಣೆಯಲ್ಲಿ ಕಳೆದೆವು. ಅವರು ಸಾಣೆಕಲ್ಲಿಗೆ ಅಲಗು ಹಿಡಿದರೆ ನಾನು ನೋಡುತ್ತ ಕೂರುತ್ತಿದ್ದೆ. ಉಗುರು ಸಿಕ್ಕಿಸಿ ಅಲಗನ್ನು ಬಿಚ್ಚುವ ಗೀರನ್ನೂ ಅವರು ಎಡಗೈಯ ಹೆಬ್ಬೆರಳಿಗೆ ಸಿಗುವಂತೆ ಆಚೆ ಮಗ್ಗುಲಿಗೆ ಕೊರೆದರು. ಅತ್ತಿಗೆಗೆ ಸುಮ್ಮನೆ ಕೂತು ಅಭ್ಯಾಸವಿಲ್ಲ. ಮೂಲೆಯಲ್ಲಿ ಸ್ಕ್ರೂ, ತಗಡು, ಸ್ಪ್ರಿಂಗುಗಳೆಲ್ಲ ಬೆರೆತುಹೋದ ಡಬ್ಬಿಗಳಿದ್ದವು. ಕೇಳದೆಯೇ ಅವನ್ನು ನೆಲಕ್ಕೆ ಸುರಿದು ಅಳತೆಯ ಪ್ರಕಾರ ವಿಂಗಡಿಸತೊಡಗಿದರು. ಬ್ರೂನೊ ಒಮ್ಮೆ ತಿರುಗಿ ನೋಡಿ ಗಾಬರಿಯಾದರು. ಮಧ್ಯಾಹ್ನ ಬೇಕಾದ ಸ್ಕ್ರೂಗೆ ಕೈ ಚಾಚಿದಾಗ ಅದು ಮೊದಲ ಡಬ್ಬಿಯಲ್ಲೇ ಸಿಕ್ಕಿತು. ಆಮೇಲೆ ಅವರು ಏನು ಬೇಕಾದರೂ ಕೈ ಸನ್ನೆಯಲ್ಲಿ ಅತ್ತಿಗೆಯನ್ನೇ ಕೇಳುತ್ತಿದ್ದರು. ಅತ್ತಿಗೆ ಎದ್ದು ಕೊಡುತ್ತಿದ್ದರು. ಇಬ್ಬರಿಗೂ ಭಾಷೆ ಬೇಕಾಗಲಿಲ್ಲ.

ಸಂಜೆ ಚಾಕು ಸಿದ್ಧವಾಯಿತು. ಬ್ರೂನೊ ಅದನ್ನು ಮಡಚಿ ನನ್ನ ಕಡೆ ಚಾಚಿದರು. ಅತ್ತಿಗೆ ಮೇಜು ತಟ್ಟಿ ತೋರಿಸಿದರು. ಅವರು ಏನೂ ಕೇಳದೆ ಮೇಜಿನ ಮೇಲಿಟ್ಟರು. ನಾನು ತೆಗೆದುಕೊಂಡೆ.

ಮತ್ತೆ ಹೊಸನಗರ

ಊರಿಗೆ ಬಂದ ಎರಡನೆಯ ದಿನ ನಾನು, ಅತ್ತಿಗೆ ಇಬ್ಬರೂ ಹೂವಪ್ಪಣ್ಣನ ಮನೆಗೆ ಹೋದೆವು. ಜಗಲಿಯ ಮೇಲೆ ಚಾಕು ಇಟ್ಟೆ. ಅವರು ಎಡಗೈಯಲ್ಲಿ ತೆಗೆದುಕೊಂಡರು. ಹೆಬ್ಬೆರಳಿನ ಉಗುರು ತಡಕಾಡದೆ ಗೀರಿಗೆ ಸಿಕ್ಕಿತು. ಬಿಚ್ಚಿ, ಅಲಗಿನ ಎರಡೂ ಮಗ್ಗುಲು ತಿರುಗಿಸಿ ನೋಡಿದರು. ಸಪಾಟು ಮಗ್ಗುಲ ಮೇಲೆ ಬೆರಳಾಡಿಸಿದರು.

"ಎಡಗೈದು," ಎಂದರು. "ನಾನು ಹೇಳಿರ್ಲಿಲ್ವಲ್ಲ."

"ನಂಗೂ ಗೊತ್ತಾಗ್ಲಿಲ್ಲ ಹೂವಪ್ಪಣ್ಣ. ಅಲ್ಲಿನೋರು ನೋಡಿ ಹೇಳಿದ್ರು. ಮೊದ್ಲೇ ಯಾಕೆ ಹೇಳ್ಲಿಲ್ಲ ನೀವು?"

"ಹೇಳಿ, ಆಮೇಲೆ ಆಗದೇ ಹೋದ್ರೆ? ಊರಿಗೆಲ್ಲ ಗೊತ್ತಾಗ್ತಿತ್ತು."

"ಮತ್ತೆ ಪೆನ್ಸಿಲ್ ಯಾಕೆ ಬಲಗೈಗೆ ಕೊಟ್ರಿ?" ಎಂದರು ಅತ್ತಿಗೆ.

"ಅದಕ್ಕೂ ಎಂತಾದ್ರೂ ಕೆಲ್ಸ ಬೇಕಲ್ಲ ಅಮ್ಮ."

ಗೀತಾ ನಮ್ಮನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ತೋರಿಸಿದಳು. ಬಚ್ಚಲಿನ ಹಿಂದೆ ದಾಸವಾಳದ ಕಡ್ಡಿಗಳ ರಾಶಿ ಬಿದ್ದಿತ್ತು, ಎಲ್ಲವೂ ಸೊಟ್ಟಸೊಟ್ಟಗೆ ಕೊಯ್ದವು. ನಾಲ್ಕು ತಿಂಗಳಿಂದ ಅಡುಗೆಮನೆಯ ಚಾಕು ಕದ್ದು ಕಲಿಯುತ್ತಿದ್ದಾರೆ, ದಾಸವಾಳ ಬೋಳಾಗಿ ಹೋಯಿತು ಎಂದಳು. ವಾಪಸು ನಮ್ಮ ಗೇಟಿನ ಹತ್ತಿರ ಬಂದಾಗ ಅತ್ತಿಗೆ, "ದೊಡ್ಡದೇ ಆಯ್ತಲ್ಲ," ಎಂದರು.

ಹೂವಪ್ಪಣ್ಣ ಮುಂದಿನ ಸೋಮವಾರ ಬೆಳಗಿನ ಬಸ್ಸಿಗೆ ಬಂದು ನರ್ಸರಿಯ ಗೇಟು ತೆರೆದರು. ಯಾರನ್ನೂ ಮಾತಾಡಿಸದೆ ನೆರಳಿನಲ್ಲಿ ಕೂತು ಅಪ್ಪೆಮಿಡಿ ಕಡ್ಡಿ ತರಿಸಿಕೊಂಡರು. ಸೋತ ಬಲಗೈಯನ್ನು ಕಡ್ಡಿಯ ಮೇಲೆ ಊರಿ ಒತ್ತಿ ಹಿಡಿದು ಎಡಗೈಯಲ್ಲಿ ಕೊಯ್ದರು. ಮೊದಲ ನಾಲ್ಕು ಹಾಳಾದವು. ಐದನೆಯದನ್ನು ಬಿಸಿಲಿಗೆ ಹಿಡಿದು ನೋಡಿ ನನ್ನ ಕಡೆ ಚಾಚಿದರು. ಪ್ಲಾಸ್ಟಿಕ್ ಪಟ್ಟಿ ಸುತ್ತಿ ಕಟ್ಟುವುದು ಒಂದು ಕೈಯಲ್ಲಿ ಆಗುವ ಕೆಲಸವಲ್ಲ. ಅದನ್ನು ನಾನು ಮಾಡಿದೆ. ಮಧ್ಯಾಹ್ನದೊಳಗೆ ಹನ್ನೊಂದು ಗಿಡ ಆದವು.

ತಿಂಗಳು ಕಳೆದಮೇಲೆ ನೋಡಿದರೆ ಹನ್ನೊಂದರಲ್ಲಿ ನಾಲ್ಕು ಚಿಗುರಿದ್ದವು. ಹೂವಪ್ಪಣ್ಣ ಆ ನಾಲ್ಕರ ಮುಂದೆ ಸ್ವಲ್ಪ ಹೊತ್ತು ನಿಂತರು. ಆಮೇಲೆ ಪಕ್ಕದ ಸಾಲಿಗೆ ಹೋಗಿ ನಾನು ಕಟ್ಟಿದ ಗಿಡಗಳನ್ನು ಒಂದೊಂದಾಗಿ ಬಗ್ಗಿ ನೋಡಿದರು. ಒಣಗಿದ ಒಂದನ್ನು ಕಿತ್ತು, ಪಟ್ಟಿ ಬಿಚ್ಚಿ, ನನ್ನ ಕೊಯ್ತವನ್ನು ನನ್ನ ಕಣ್ಣಿನ ಮುಂದೆ ಹಿಡಿದರು.

"ಇದೆಂತ ವನಜಮ್ಮ ಇದು? ಯಾರು ಕಲ್ಸಿದ್ದು ನಿಮಗೆ?"

"ನೀವೇ," ಎಂದೆ.

"ನಾನು ಹಿಂಗೆ ಕಲ್ಸಿಲ್ಲ. ಬನ್ನಿ, ಕೂತ್ಕಳ್ಳಿ."

ಐವತ್ತೊಂದನೆಯ ವಯಸ್ಸಿನಲ್ಲಿ ನಾನು ಮಣೆ ಎಳೆದುಕೊಂಡು ಅವರ ಎದುರು ಕೂತೆ.